ಎತ್ತು ಏಳುವುದರೊಳಗೆ

ಈ ವಾರ್ಷಿಕೋತ್ಸವದ ಅಧ್ಯಕ್ಷತೆ ವಹಿಸಿರುವ, ನಮ್ಮ ಹದ್ದಿನಗುಡ್ಡ ಸಮುದಾಯ ನಿಸರ್ಗಧಾಮ ಸಂಘದ ಅಧ್ಯಕ್ಷರಾದ ಶ್ರೀ ಶಿವಪ್ರಕಾಶ್ ಅವರೇ, ಮುಖ್ಯ ಅತಿಥಿಗಳಾಗಿ ಬಂದಿರುವ ದನದ ಡಾಕ್ಟರಮ್ಮ ವೀಣ ಅವರೇ, ಸಂಘದ ಕಾರ್ಯದರ್ಶಿಗಳೂ ಈ ಶಾಮಿಯಾನದಿಂದ ಹಿಡಿದು ಉಪ್ಪಿಟ್ಟಿನವರೆಗೆ ಎಲ್ಲ ಏರ್ಪಾಡು ಮಾಡಿದವರೂ ಆದ ಸುರೇಂದ್ರ ಅವರೇ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯಿಂದ ಮಕ್ಕಳುಮರಿ ಕಟ್ಟಿಕೊಂಡು ಬಂದಿರುವ ಸಭಿಕರೇ, ಮುಂದಿನ ಸಾಲಿನಲ್ಲಿ ಬಲಗೈಗೆ ಕಟ್ಟು ಹಾಕಿಸಿಕೊಂಡು ಕೂತಿರುವ ನನ್ನ ಮೊಮ್ಮಗಳೇ, ಮತ್ತು ಆ ನೀರಿನ ಡ್ರಮ್ಮಿನ ಹಿಂದೆ ನಿಂತು ಒಳಗೆ ಬರಲೋ ಬೇಡವೋ ಅಂತ ನೋಡುತ್ತಿರುವ ಮಹದೇವಸ್ವಾಮಿಯವರೇ, ನಿಮಗೆಲ್ಲರಿಗೂ ಈ ತಮ್ಮಯ್ಯಾಚಾರಿಯ ವಂದನೆಗಳು.

ಮೊದಲು ಯಾರಾದರೂ ಮಹದೇವಸ್ವಾಮಿಗೆ ಒಂದು ಕುರ್ಚಿ ಕೊಡಿ. ಕೊಡಿ, ನಾನು ಕಾಯುತ್ತೇನೆ. ಹೆದರಬೇಡಿ, ಕೆಲಸದಿಂದ ತೆಗೆದಿರುವುದು ನಿಜ, ಕುರ್ಚಿಯಿಂದ ಯಾರೂ ತೆಗೆದಿಲ್ಲ. ಹಾಂ, ಅಲ್ಲೇ ಹಾಕಿ. ಕೂತ್ಕೊ ಮಾದೇವ. ಈ ಮೈಕನ್ನೂ ಅತ್ತ ಸರಿಸಿ. ಇಪ್ಪತ್ತು ವರ್ಷ ಪೌರಾಣಿಕ ನಾಟಕದಲ್ಲಿ ಗದೆ ಹೊತ್ತವನು ನಾನು, ನನ್ನ ಗಂಟಲಿಗೆ ಕರೆಂಟು ಬೇಕಾಗಿಲ್ಲ.

ಕಾರ್ಯದರ್ಶಿಗಳು ನನಗೆ ಒಂದು ಚೀಟಿ ಬರೆದುಕೊಟ್ಟಿದ್ದಾರೆ. "ಈ ಸನ್ಮಾನಕ್ಕೆ ನಾನು ಚಿರಋಣಿ, ಸಂಘವು ನನ್ನ ಕುಟುಂಬದ ಕಷ್ಟಕಾಲದಲ್ಲಿ ಜೊತೆಗೆ ನಿಂತಿದೆ" ಅಂತ ಅದರಲ್ಲಿದೆ. ಅಕ್ಷರ ಮುತ್ತಿನಂತಿದೆ. ಆದರೆ ಅದನ್ನು ನಾನು ಓದುವುದಿಲ್ಲ. ಮಡಚಿ ಜೇಬಿಗೆ ಹಾಕಿಕೊಳ್ಳುತ್ತೇನೆ. ಜೇಬಿನಲ್ಲಿ ಒಂದು ತಿಂಗಳಿಂದ ಇನ್ನೊಂದು ವಸ್ತು ಇದೆ, ಅದರ ಜೊತೆ ಬಿದ್ದಿರಲಿ. ಶಾಲು, ಹಾರ, ಫಲತಾಂಬೂಲದ ತಟ್ಟೆ ಮೇಜಿನ ಮೇಲಿವೆ. ಅವೂ ಸದ್ಯಕ್ಕೆ ಅಲ್ಲೇ ಇರಲಿ.

ಸಭಿಕರೇ, ನನಗೆ ಯಾಕೆ ಸನ್ಮಾನ? ನಾನು ಕುಲುಮೆಯ ಮನುಷ್ಯ. ನೇಗಿಲಿನ ಕುಡ ಬಡಿದೆ, ಮಚ್ಚು ಬಡಿದೆ, ನಲವತ್ತು ವರ್ಷ ಎತ್ತುಗಳಿಗೆ ಲಾಳ ಹೊಡೆದೆ. ಎತ್ತು ಹೋಗಿ ಟ್ರಾಕ್ಟರು ಬಂತು, ಟ್ರಾಕ್ಟರಿಗೆ ಲಾಳ ಬೇಡ. ಆಮೇಲೆ ಇಲ್ಲಿ ಕುದುರೆಗಳು ಬಂದವು, ಅವುಗಳಿಗೆ ಲಾಳ ಹೊಡೆದೆ. ಇದರಲ್ಲಿ ಶಾಲು ಹೊದಿಸುವಂಥದ್ದು ಏನಿದೆ? ಐದು ವರ್ಷದಿಂದ ನಿಮ್ಮ ಕಣ್ಣಿಗೆ ಕಾಣದ ತಮ್ಮಯ್ಯಾಚಾರಿ ಈ ವರ್ಷವೇ ಯಾಕೆ ಕಂಡ? ನಿಮಗೂ ಗೊತ್ತು, ನನಗೂ ಗೊತ್ತು. ಹೋದ ತಿಂಗಳು ಇಲ್ಲಿ ಕುದುರೆಯಿಂದ ಬಿದ್ದು ಕೈ ಮುರಿದುಕೊಂಡವಳು ನನ್ನ ಮಗಳ ಮಗಳು ಹರ್ಷಿತ. ಅಜ್ಜ ಎಲ್ಲಿ ಪೊಲೀಸ್ ಠಾಣೆ ಮೆಟ್ಟಿಲು ಹತ್ತಿಬಿಡುತ್ತಾನೋ ಅಂತ ಭಯ. ಅಳುವ ಮಗುವಿನ ಬಾಯಿಗೆ ಬೆಲ್ಲ ಇಡುತ್ತಾರಲ್ಲ, ಹಾಗೆ ಈ ಶಾಲು.

ಕೋಪ ಬರುತ್ತದೆ ಸ್ವಾಮಿ. ನನಗೆ ಕೋಪ ಬಂದಿದೆ, ಅದನ್ನು ಮುಚ್ಚಿಟ್ಟುಕೊಂಡು ಮಾತಾಡುವ ಜಾಣತನ ನನಗಿಲ್ಲ.

ಇವತ್ತು ನಾನು ಇಲ್ಲಿ ನಿಂತಿರುವುದು ಎರಡು ಮಾತಿಗೆ. ಒಂದು, ಹರ್ಷಿತ ಬಿದ್ದದ್ದಕ್ಕೆ ನೀವು ಕುದುರೆ ನೋಡಿಕೊಳ್ಳುತ್ತಿದ್ದ ಮಹದೇವಸ್ವಾಮಿಯನ್ನು ಕೆಲಸದಿಂದ ತೆಗೆದಿರಿ. ಎರಡು, ಅವಳನ್ನು ಕೆಡವಿತು ಅಂತ ಚೆಲುವಿ ಎಂಬ ಆ ಹೆಣ್ಣು ಕುದುರೆಯನ್ನು ಬರುವ ಸೋಮವಾರ ಮದುವೆ ಮೆರವಣಿಗೆಯವನಿಗೆ ಮಾರುತ್ತಿದ್ದೀರಿ. ಡಾಂಬರು ರಸ್ತೆಯಲ್ಲಿ, ಬ್ಯಾಂಡಿನ ಮುಂದೆ, ಪಟಾಕಿ ನಡುವೆ ಆ ಕಾಲಲ್ಲಿ ಅದು ಎಷ್ಟು ದಿನ ನಿಂತೀತು? ಇವೆರಡೂ ಇವತ್ತು ಇದೇ ಸಭೆಯಲ್ಲಿ ತೀರ್ಮಾನ ಆಗಬೇಕು. ಆಗದೆ ನಾನು ಮನೆಗೆ ಹೋಗುವುದಿಲ್ಲ.

ಹೊಸಬರಿಗಾಗಿ ಸ್ವಲ್ಪ ಹಿಂದಿನದು ಹೇಳುತ್ತೇನೆ. ಈ ಗುಡ್ಡ ಮೂರು ಹಳ್ಳಿಯ ಗೋಮಾಳ. ನಾನು ಮದುವೆಯಾದಾಗ ಇಲ್ಲಿ ಕತ್ತಾಳೆ, ಲಾಂಟಾನ ಬಿಟ್ಟರೆ ಏನೂ ಇರಲಿಲ್ಲ. ಯಾರೋ ಕಲ್ಲು ಗಣಿ ಮಾಡಲು ಕಣ್ಣು ಹಾಕಿದರು. ಆಗ ಮೂರೂ ಊರಿನವರು ಸೇರಿ ಗುಂಡಿ ತೋಡಿ ಹೊಂಗೆ, ಬೇವು, ಆಲ ನೆಟ್ಟೆವು. ಅಲ್ಲಿ ಕೊನೆಯಲ್ಲಿ ಕೂತಿದ್ದಾಳಲ್ಲ ಮೂಗಮ್ಮ, ಎರಡು ಬೇಸಿಗೆ ಕೆರೆಯಿಂದ ಬಿಂದಿಗೆ ಹೊತ್ತವಳು ಅವಳು. ಸಂಘ ಕಟ್ಟಿದ್ದು ಆಮೇಲೆ. ಕುದುರೆ ಸವಾರಿ ಬಂದದ್ದು ಅದಕ್ಕೂ ಆಮೇಲೆ. ನಾವು ದನದ ಹಿಂದೆ ಸವೆಸಿದ ಜಾಡಿಗೆಲ್ಲ ಬೋರ್ಡು ಹಾಕಿ ಟ್ರೇಲು ಅಂತ ಹೆಸರಿಟ್ಟದ್ದು ಮೊನ್ನೆ ಮೊನ್ನೆ. ಒಂದು ಟ್ರೇಲಿಗೆ ನವಿಲಿನ ಹೆಸರು, ಒಂದಕ್ಕೆ ಜಿಂಕೆ ಹೆಸರು. ಜಿಂಕೆ ಕಂಡವರು ಯಾರಾದರೂ ಇದ್ದರೆ ಕೈಯೆತ್ತಿ! ಹೋದ ಚೈತ್ರದಲ್ಲಿ ಹೊಂಗೆಕಾಯಿ ಆರಿಸಲು ಬಂದ ಮೂಗಮ್ಮನನ್ನು ಗೇಟಿನಲ್ಲಿ ನಿಲ್ಲಿಸಿ "ಪಾಸ್ ಎಲ್ಲಿ?" ಅಂತ ಕೇಳಿದಿರಿ. ಅವಳು ಏನಂದಳು ಗೊತ್ತೇ? "ಮರುನ್ನೇ ಕೇಳ್ಲಾ, ಅದುಕ್ಕೆ ನನ್ನ ಗುರ್ತು ಅದೆ" ಅಂದಳು. ನಗಿ, ನಗಿ. ನಗು ಬರುವ ಮಾತೇ. ನಾಚಿಕೆಯೂ ಬರಬೇಕು.

ಜಾಡಿಗೆ ಜಲ್ಲಿ ಹಾಕಬೇಡಿ, ಕೆಮ್ಮಣ್ಣು ಹಾಕಿ ಅಂತ ನಾನು ಎಷ್ಟು ಸಲ ಹೇಳಿದೆ? ಅಧ್ಯಕ್ಷರೇ, ನಿಮ್ಮ ಜಗುಲಿಯ ಮೇಲೆ ಕೂತು ಹೇಳಿದೆ. ಕೆಮ್ಮಣ್ಣು ಮಳೆಗೆ ಕೊಚ್ಚೆಯಾಗುತ್ತದೆ, ಬಂದವರ ಬೂಟು ಕೆಡುತ್ತದೆ ಅಂದಿರಿ. ಬೂಟು ಉಳಿಯಿತು. ಮಗುವಿನ ಕೈ ಎರಡು ಕಡೆ ಮುರಿಯಿತು. ಮಣ್ಣಿನ ಮೇಲೆ ಬಿದ್ದಿದ್ದರೆ ತರಚುತ್ತಿತ್ತು, ಅಷ್ಟೆ.

ಈಗ ಆ ಭಾನುವಾರದ ವಿಷಯ. ಇಳಿಜಾರಿನಲ್ಲಿ ಚೆಲುವಿ ಮುಂದಿನ ಎಡಗಾಲು ಊರಲಾರದೆ ಮಂಡಿ ಹಾಕಿತು. ಹರ್ಷಿತ ಅದರ ತಲೆಯ ಮೇಲಿಂದ ಹಾರಿ ಬಿದ್ದಳು. ಡಾಕ್ಟರಮ್ಮ ಬಂದು ಕುದುರೆಯ ಗೊರಸು ಕೆತ್ತಿ ನೋಡಿದರೆ ಒಳಗೆಲ್ಲ ಕೀವು. "ಏನೋ ಚೂಪಾದದ್ದು ಒಳಗೆ ಹೋಗಿದೆ, ನಾಲ್ಕೈದು ದಿನವಾಗಿದೆ" ಅಂತ ಅವರು ಬರೆದುಕೊಟ್ಟರು. ಅಷ್ಟೇ ಅವರು ಬರೆದದ್ದು. ಏನು ಚೂಪಾದದ್ದು ಅಂತ ಬರೆಯಲಿಲ್ಲ, ಅವರು ಪ್ರಾಮಾಣಿಕರು. ಅದನ್ನು ಬರೆದುಕೊಂಡವರು ಸಮಿತಿಯವರು. ಜಾಡಿನ ಕಲ್ಲು ಚುಚ್ಚಿದೆ, ದಿನಾ ಗೊರಸು ಕೆರೆದು ನೋಡಬೇಕಾದ ಮಹದೇವಸ್ವಾಮಿ ನೋಡಿಲ್ಲ, ಬೇಜವಾಬ್ದಾರಿ, ಕೆಲಸದಿಂದ ತೆಗೆಯಲಾಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ!

ಈ ಮಹದೇವಸ್ವಾಮಿ ಎಂಥವನು? ನಾಗಮಂಗಲದ ಕಡೆಯವನು, ಇಲ್ಲಿ ಲಾಯದ ಪಕ್ಕದ ಒಂದು ಕೋಣೆಯಲ್ಲಿ ಹೆಂಡತಿ ಮಗಳ ಜೊತೆ ಇದ್ದವನು. ಅವನು ಗೊರಸು ನೋಡದ ದಿನ ಇಲ್ಲ. ಕುದುರೆಗೆ ತಿಂಡಿ ಹಾಕದೆ ತಾನು ತಿಂದವನಲ್ಲ. ಎರಡು ದಿನದಲ್ಲಿ ಕೋಣೆ ಖಾಲಿ ಮಾಡು ಅಂದಿರಿ. ಈಗ ಕಿರಂಗೂರಿನ ಆಚೆ ಒಂದು ಆಲೆಮನೆಯಲ್ಲಿ ಕಬ್ಬಿನ ಸಿಪ್ಪೆ ಹೊರುತ್ತಿದ್ದಾನೆ. ಕುದುರೆ ಬಾಯಿಯ ಮಾತು ತಿಳಿದವನ ಕೈಗೆ ಸಿಪ್ಪೆ ಕೊಟ್ಟಿದ್ದೀರಿ. ಮಗಳು ಮೇಘನ ಶಾಲೆ ಬಿಟ್ಟು ಮನೆಯಲ್ಲಿದ್ದಾಳೆ. ಯಾರಿಗಾದರೂ ಊಟ ಸೇರುತ್ತದೆಯೇ? ನನಗಂತೂ ಸೇರಿಲ್ಲ.

ಆ ಭಾನುವಾರ ಬೆಳಿಗ್ಗೆ ಅವನು ಹೇಳಲಿಲ್ಲವೇ? ಕಾರ್ಯದರ್ಶಿಗಳೇ, ತಲೆ ತಗ್ಗಿಸಬೇಡಿ, ಇತ್ತ ನೋಡಿ. "ಸಾರ್, ಚೆಲುವಿ ಕಾಲ್ ಊರ್ತಾ ಇಲ್ಲ, ಇವತ್ತು ಬ್ಯಾಡ, ಬುಟ್ಬುಡಿ" ಅಂತ ಅವನು ಹೇಳಲಿಲ್ಲವೇ? ಅವತ್ತು ಮೈಸೂರಿನಿಂದ ಜನ ಬಂದಿದ್ದರು, ಒಂದು ಕುದುರೆ ಕಮ್ಮಿಯಾದರೆ ನಿಮ್ಮ ಕಾರ್ಯಕ್ರಮ ಕೆಡುತ್ತಿತ್ತು. ಅದಕ್ಕೆ ನೀವು ಏನು ಮಾಡಿದಿರಿ? ಫೋನು ತೆಗೆದು ಒಬ್ಬರನ್ನು ಕೇಳಿದಿರಿ. ಆ ಒಬ್ಬರು "ನಡೆಸಿ, ಏನೂ ಆಗಲ್ಲ" ಅಂದರು. ನಡೆಸಿದಿರಿ. ವಿಚಾರಣೆಯಲ್ಲಿ ಆ ಫೋನಿನ ಮಾತನ್ನು ನೀವು ಎತ್ತಲೇ ಇಲ್ಲ. ಯಾಕೆ ಎತ್ತಲಿಲ್ಲ ಅಂತ ನಾನು ಕೇಳಬಹುದು.

ಕೇಳಬಹುದು. ಆದರೆ ಕೇಳುವವನಿಗೂ ಒಂದು ಮುಖ ಬೇಕು.

ಸ್ವಲ್ಪ ನೀರು ಕೊಡಿ.

ಸಭಿಕರೇ, ನನ್ನ ಕಸುಬಿನ ಒಂದು ವಿಷಯ ಹೇಳುತ್ತೇನೆ. ಇದು ದಾರಿ ತಪ್ಪಿದ ಮಾತಲ್ಲ, ಕೇಳಿ. ಗೊರಸಿನ ಹೊರಭಾಗ ನಮ್ಮ ಉಗುರಿದ್ದಂತೆ, ಅಲ್ಲಿ ನೋವಿಲ್ಲ. ಒಳಗೆ ಜೀವ ಇದೆ, ರಕ್ತ ಇದೆ. ಮೊಳೆ ಹೊರಗಿನ ಉಗುರಿನಲ್ಲೇ ಹೋಗಬೇಕು. ಹೋಗುತ್ತಿರುವಾಗ ಸುತ್ತಿಗೆ ಟಣ್ ಟಣ್ ಅನ್ನುತ್ತದೆ. ಒಳಗಿನ ಜೀವಕ್ಕೆ ತಗುಲಿದರೆ ಆ ಸದ್ದು ಸತ್ತುಹೋಗುತ್ತದೆ, ಮೆತ್ತಗೆ ದಪ್ ಅನ್ನುತ್ತದೆ. ಆ ದಪ್ ಅನ್ನುವುದು ಎತ್ತಿನ ಒಡೆಯನಿಗೆ ಕೇಳಿಸುವುದಿಲ್ಲ. ಲಾಳ ಹೊಡೆಯುವವನಿಗೆ ಕೇಳಿಸುತ್ತದೆ. ಅವನೊಬ್ಬನಿಗೇ.

ಎತ್ತಿಗೆ ಲಾಳ ಹೊಡೆಯುವಾಗ ಹಗ್ಗ ಹಾಕಿ ನೆಲಕ್ಕೆ ಕೆಡವಿ, ನಾಲ್ಕು ಕಾಲೂ ಸೇರಿಸಿ ಕಟ್ಟುತ್ತೇವೆ. ನಮ್ಮ ಮನೆತನದಲ್ಲಿ ಒಂದು ಕಟ್ಟುಪಾಡು ಇದೆ. ಮೊಳೆ ಜೀವಕ್ಕೆ ತಗುಲಿದರೆ, ಎತ್ತು ಎದ್ದು ನಿಲ್ಲುವುದರೊಳಗೆ ಒಡೆಯನಿಗೆ ಹೇಳಬೇಕು. ಆ ಮೊಳೆ ಕಿತ್ತು ಅವನ ಕೈಗೆ ಕೊಟ್ಟು ಹೇಳಬೇಕು. ಯಾಕೆ ಏಳುವುದರೊಳಗೆ? ನಮ್ಮಪ್ಪ ದ್ಯಾವಾಚಾರಿ ಹೇಳುತ್ತಿದ್ದ: "ಎತ್ತು ಎದ್ದು ನಾಕೆಜ್ಜೆ ಆಕ್ತು ಅಂದ್ರೆ ತಪ್ಪು ನಿನ್ನ ಕೈ ಬುಟ್ಟೋಯ್ತದೆ ಕಣ್ಲಾ. ನಾಳೀಕೆ ಅದು ಕುಂಟುದ್ರೆ ಗಾಡಿ ಒಡ್ಯೋನ ತಪ್ಪು ಅಂತಾರೆ, ದಾರಿ ತಪ್ಪು ಅಂತಾರೆ. ಯಾರಿಗೋ ಏಟು ಬೀಳ್ತದೆ. ನೀನು ಮನೇಲಿ ಮುದ್ದೆ ಉಣ್ತಿರ್ತೀಯ."

ಹೇಮಗಿರಿಯ ದನಗಳ ಜಾತ್ರೆಯಲ್ಲಿ ಒಂದು ಸಲ ನಾನೇ ಹಗ್ಗ ಹಿಡಿದಿದ್ದೆ. ನಾಗಮಂಗಲದ ಕಡೆಯ ಒಬ್ಬ ದೊಡ್ಡ ಒಕ್ಕಲಿನವರ ಹಳ್ಳಿಕಾರ್ ಎತ್ತು. ಸುತ್ತ ನೂರು ಜನ. ನಮ್ಮಪ್ಪನ ಸುತ್ತಿಗೆ ದಪ್ ಅಂತು. ಯಾರಿಗೂ ಗೊತ್ತಾಗಲಿಲ್ಲ. ನಮ್ಮಪ್ಪ ಮೊಳೆ ಕಿತ್ತು, ಎದ್ದು ನಿಂತು, ಅದನ್ನು ಅವರ ಅಂಗೈಗೆ ಇಟ್ಟು, "ಯಜಮಾನ್ರೆ, ಜೀವುಕ್ ತಗುಲ್ಬುಡ್ತು. ನನ್ ಕೈ ತಪ್ಪು" ಅಂದ. ಆ ಮನುಷ್ಯ ನಮ್ಮ ಹತಾರದ ಪೆಟ್ಟಿಗೆಯನ್ನು ಕಾಲಲ್ಲಿ ಒದ್ದ. ಉಳಿ, ಚಿಮ್ಮಟ, ಲಾಳ ಎಲ್ಲ ಧೂಳಲ್ಲಿ ಚೆಲ್ಲಿದವು. ನನಗೆ ಎಂಥ ಸಿಟ್ಟು ಬಂತು! ಒದ್ದವನ ಮೇಲಲ್ಲ, ನಮ್ಮಪ್ಪನ ಮೇಲೆ. ಬಾಯಿ ಮುಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಅಂತ. ಅಪ್ಪ ಅರಿಶಿನ, ಹರಳೆಣ್ಣೆ ಬಿಸಿ ಮಾಡಿ ಆ ತೂತಿಗೆ ಬಿಟ್ಟ. ಎತ್ತು ಎಂಟು ದಿನ ಗಾಡಿ ಕಟ್ಟದೆ ನಿಂತು ಗುಣವಾಯಿತು. ಮಾರನೆ ವರ್ಷ ಅದೇ ಮನುಷ್ಯ ಎಂಟು ಜೊತೆ ಎತ್ತು ಹೊಡೆದುಕೊಂಡು ನಮ್ಮಪ್ಪನನ್ನೇ ಹುಡುಕಿಕೊಂಡು ಬಂದ.

ಕುದುರೆಗೆ ಲಾಳ ಹೊಡೆಯುವುದನ್ನು ನಾನು ಕಲಿತದ್ದು ಅರವತ್ತು ದಾಟಿದ ಮೇಲೆ, ಗಂಜಾಮಿನ ಒಬ್ಬ ಮುದುಕ ಸಾಬರ ಹತ್ತಿರ. ಅವರು ಹೇಳಿದ್ದು ಒಂದೇ ಮಾತು: "ಆಚಾರ್ ಸಾಬ್, ಎತ್ತಿನ ಕೈ ಮರ್ತುಬಿಡಿ. ಕುದ್ರೆ ಬೇರೆ." ಎತ್ತಿನ ಕೈ ಮರೆಯುವುದೇ? ನಲವತ್ತು ವರ್ಷದ ಕೈಯನ್ನು? ನನಗೆ ಒಳಗೊಳಗೇ ನಗು ಬಂತು. ಎತ್ತಿನ ಮೊಳೆ ಓರೆ ಬೇರೆ, ಕುದುರೆಯ ಮೊಳೆ ಓರೆ ಬೇರೆ. ತಲೆಗೆ ಗೊತ್ತು. ಕೈಗೆ ಗೊತ್ತಿಲ್ಲ.

ಎಲ್ಲಕ್ಕಿಂತ ದೊಡ್ಡ ವ್ಯತ್ಯಾಸ ಏನು ಗೊತ್ತೇ? ಕುದುರೆಯನ್ನು ಕೆಡವುವುದಿಲ್ಲ. ಅದು ನಿಂತೇ ಇರುತ್ತದೆ, ನಾವು ಒಂದೊಂದೇ ಕಾಲು ಎತ್ತಿ ತೊಡೆಯ ಮೇಲಿಟ್ಟುಕೊಳ್ಳುತ್ತೇವೆ.

ಆ ಭಾನುವಾರಕ್ಕೆ ಹಿಂದಿನ ಬುಧವಾರ ನಾನು ಚೆಲುವಿಗೆ ಲಾಳ ಹೊಡೆದೆ. ಮುಂದಿನ ಎಡಗಾಲು, ಮೂರನೆಯ ಮೊಳೆ. ದಪ್ ಅಂತು.

ಹೌದು. ನನ್ನ ಕೈ. ನನ್ನ ಮೊಳೆ.

ಕುದುರೆ ಕಾಲು ಎಳೆದುಕೊಂಡಿತು. ಕಡಿವಾಣ ಹಿಡಿದು ನಿಂತಿದ್ದ ಮಹದೇವಸ್ವಾಮಿ "ಯಾಕ್ ಆಚಾರ್ರೆ, ಬೆಚ್ತು?" ಅಂದ. ನಾನು ಮೊಳೆ ಕಿತ್ತು ಅಂಗೈಯಲ್ಲಿ ಮುಚ್ಚಿಕೊಂಡು, "ನೊಣ ಕಚ್ತು ಕಣಪ್ಪ" ಅಂದೆ. ಮೊಳೆಯನ್ನು ಜೇಬಿಗೆ ಹಾಕಿಕೊಂಡೆ. ಪಕ್ಕದಲ್ಲಿ ಇನ್ನೊಂದು ಹೊಡೆದೆ, ಗಾಯ ಲಾಳದ ಕೆಳಗೆ ಯಾರಿಗೂ ಕಾಣದಂತೆ ಮುಚ್ಚಿಹೋಯಿತು. ಅರಿಶಿನ ಇಲ್ಲ, ಎಣ್ಣೆ ಇಲ್ಲ, ಮಾತಿಲ್ಲ. ಅಪ್ಪನ ಕಟ್ಟುಪಾಡು ನೆನಪಾಗಲಿಲ್ಲವೇ ಅಂತ ಕೇಳುತ್ತೀರಿ. ನೆನಪಾಯಿತು ಸ್ವಾಮಿ. ಆಗ ನನ್ನ ಬುದ್ಧಿ ಏನು ಹೇಳಿತು ಗೊತ್ತೇ? "ಏಳೋದ್ರೊಳಗೆ ಹೇಳ್ಬೇಕು ಅಂದ ನಿಮ್ಮಪ್ಪ. ಈ ಕುದುರೆ ಎದ್ದೇ ನಿಂತಿದೆಯಲ್ಲ, ಇನ್ನೆಲ್ಲಿಯ ಏಳೋದು?" ಅಂತು. ಮನುಷ್ಯನ ಬುದ್ಧಿಗೆ ಏನು ಹೇಳೋಣ! ತನಗೆ ಬೇಕಾದರೆ ಹೆತ್ತಪ್ಪನ ಮಾತಿನಲ್ಲೂ ಕಿಂಡಿ ಕೊರೆಯುತ್ತದೆ.

ಕಾರ್ಯದರ್ಶಿಗಳು ಫೋನು ಮಾಡಿದ್ದು ನನಗೆ. "ಹೊಸ ಲಾಳ ಅಲ್ವಾ, ನಾಲ್ಕೈದು ದಿನ ಹಿಡ್ಕಂಡಂಗಿರ್ತದೆ. ನಡೆಸಿ, ಏನೂ ಆಗಲ್ಲ" ಅಂದವನು ನಾನು. ಯಾರು ಕೂರುತ್ತಾರೆ ಅಂತ ಕೇಳಲಿಲ್ಲ. ಕೂತವಳು ಹರ್ಷಿತ.

ಆಸ್ಪತ್ರೆಯ ಬಾಗಿಲಲ್ಲಿ ಮಹದೇವಸ್ವಾಮಿಯ ಕೊರಳಪಟ್ಟಿ ಹಿಡಿದವನೂ ನಾನೇ. "ಏನ್ಲಾ ಮಾಡ್ದೆ ಕುದ್ರೆಗೆ?" ಅಂತ ಕೂಗಿದೆ, ಆಸ್ಪತ್ರೆ ಎಲ್ಲ ತಿರುಗಿ ನೋಡಿತು. ಅವನು ನನ್ನ ಕೈ ಕೂಡ ಬಿಡಿಸಿಕೊಳ್ಳಲಿಲ್ಲ. "ಮೊದ್ಲು ಮಗೀನ ನೋಡಿ ಆಚಾರ್ರೆ" ಅಂದ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ಜಾಣ, ಪಕ್ಕದವನ ಹೆಗಲು ಮುಟ್ಟಿ ತೋರಿಸಿದೆ.

ವಿಚಾರಣೆ ದಿನ ಅವನು ಒಂದೇ ಮಾತು ಹೇಳಿದ. "ಆಚಾರ್ರುನ್ನೇ ಕೇಳಿ, ಫೋನ್ನಲ್ಲಿ ಏನಂದ್ರು ಅಂತ. ಅವ್ರು ಸುಳ್ಳು ಹೇಳಾಕಿಲ್ಲ." ನನ್ನನ್ನು ಕೇಳಿದರು. ನಾನು "ನೆನಪಿಲ್ಲ" ಅಂದೆ. ಸುರೇಂದ್ರ ಅವರೇ, ಆಗ ನೀವು ನನ್ನ ಮುಖ ನೋಡಿದಿರಿ, ನಾನು ನಿಮ್ಮ ಮುಖ ನೋಡಿದೆ. ನೀವು ನನ್ನನ್ನು ಉಳಿಸಿದಿರಿ, ನಾನು ನಿಮ್ಮನ್ನು ಉಳಿಸಿದೆ. ಈ ಶಾಲು ಅದರ ಕೂಲಿಯೂ ಹೌದು. ಇಷ್ಟು ಹೊತ್ತು ನಿಮ್ಮನ್ನೆಲ್ಲ ಬೈದೆ. ಬೈದದ್ದರಲ್ಲಿ ಒಂದು ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಜಲ್ಲಿ ನಿಮ್ಮದೇ, ಗೇಟು ನಿಮ್ಮದೇ, ಹಟ ನಿಮ್ಮದೇ. ಆದರೆ ಮೊಳೆ ನನ್ನದು.

ನನ್ನ ಹೆಂಡತಿ ಬೈರಮ್ಮ ಅಂಗಿ ಒಗೆಯುವಾಗಲೆಲ್ಲ ಜೇಬಿನಲ್ಲಿ ಈ ಮೊಳೆ ಸಿಗುತ್ತಿತ್ತು. "ಎಲಡಿಕೆ ಜೊತೆ ಮೊಳೆ ಯಾಕೆ ಇಟ್ಕಂಡಿದ್ದೀರಾ?" ಅಂತ ಎರಡು ಸಲ ಕೇಳಿದಳು. ಮೂರನೆ ಸಲ ಕೇಳಲಿಲ್ಲ, ಒಗೆದ ಅಂಗಿಯ ಜೇಬಿಗೆ ತಾನೇ ಮತ್ತೆ ಹಾಕಿಟ್ಟಳು. ಮೊಮ್ಮಗಳು ದಿನಾ ಸಂಜೆ ಒಂದೇ ಪ್ರಶ್ನೆ: "ತಾತ, ಮಾದೇವಣ್ಣ ಬಂದ್ರಾ?" ನನಗೆ ಇನ್ನೂ ಒಂದು ಭಯ ಇದೆ, ಅದನ್ನೂ ಹೇಳಿಬಿಡುತ್ತೇನೆ. ಅವತ್ತು ಚೆಲುವಿಯ ಮೇಲೆ ಬೇರೆ ಯಾರದೋ ಮಗು ಕೂತಿದ್ದರೆ ಈ ಮಾತು ನಾನು ಹೇಳುತ್ತಿದ್ದೆನೇ? ಗೊತ್ತಿಲ್ಲ. ಆ ಗೊತ್ತಿಲ್ಲ ಅನ್ನುವುದರ ಮೇಲೆ ನನಗೆ ಬಂದಿರುವ ಕೋಪ ನಿಮ್ಮ ಯಾರ ಮೇಲೂ ಬಂದಿಲ್ಲ.

ಅಧ್ಯಕ್ಷರೇ, ನಿಮ್ಮ ಸಮಿತಿಯ ಪುಸ್ತಕದಲ್ಲಿ ಮಹದೇವಸ್ವಾಮಿಯ ಹೆಸರಿನ ಮುಂದೆ ಬರೆದಿರುವ ಬೇಜವಾಬ್ದಾರಿ ಎಂಬ ಮಾತನ್ನು ಹೊಡೆದುಹಾಕಿ, ನನ್ನ ಹೆಸರಿನ ಮುಂದೆ ಬರೆಯಿರಿ. ಅವನ ಕೋಣೆಯ ಬೀಗದಕೈ ಇವತ್ತೇ ಅವನಿಗೆ ಕೊಡಿ. ಚೆಲುವಿಯನ್ನು ಮಾರಬೇಡಿ, ಅದು ತಪ್ಪು ಮಾಡಿಲ್ಲ, ನೋವಿಗೆ ಮಂಡಿ ಊರಿತು. ಡಾಕ್ಟರಮ್ಮ, ಇನ್ನು ಆರು ವಾರ ಮಣ್ಣಿನ ಮೇಲೆ ನಿಲ್ಲಿಸಿದರೆ ಗುಣವಾಗುತ್ತದೆ ಅಂತ ನೀವೇ ನನಗೆ ಹೇಳಿದಿರಿ, ಅದನ್ನು ಸಭೆಗೂ ಹೇಳಿ. ನಾನು ಇನ್ನು ಮುಂದೆ ಕುದುರೆಯ ಕಾಲು ಮುಟ್ಟುವುದಿಲ್ಲ. ಆ ಶಾಲನ್ನು ಯಾರಿಗಾದರೂ ಹೊದಿಸಲೇಬೇಕಾದರೆ ಮೂಗಮ್ಮ ಇದ್ದಾಳೆ, ಗೇಟಿನವರಿಗೆ ಗುರುತು ಸಿಗಲಿ.

ಇಷ್ಟು ಹೊತ್ತು ಈ ಮುದುಕನ ಗಂಟಲು ಸಹಿಸಿಕೊಂಡ ನಿಮಗೆಲ್ಲ ಕೃತಜ್ಞತೆಗಳು. ಇನ್ನು ವಂದನಾರ್ಪಣೆ ಇದೆ, ಉಪ್ಪಿಟ್ಟು ಇದೆ. ಅದಕ್ಕೆ ಮೊದಲು ಒಂದು ಕೆಲಸ ಬಾಕಿ ಇದೆ. ದಯವಿಟ್ಟು ಯಾರೂ ಏಳಬೇಡಿ. ಮಾದೇವ, ನೀನೂ ಏಳಬ್ಯಾಡ ಕಣಪ್ಪ, ಕೂತಿರು. ಆ ಕುದುರೆಗೆ ಯಜಮಾನ ಅಂತ ಇದ್ದರೆ ಅದು ನೀನೇ. ಮೊಳೆ ನನ್ನ ಕೈಯಲ್ಲಿದೆ, ಇಳಿದು ಬರ್ತಾ ಇದೀನಿ. ಹೇಳಬೇಕಾದ ಮಾತನ್ನು ವೇದಿಕೆಯ ಮೇಲಿಂದ ಹೇಳುವ ಪದ್ಧತಿ ನಮ್ಮಲ್ಲಿ ಇಲ್ಲ. ಹತ್ತಿರ ಬಂದು, ಅಂಗೈಗೆ ಇಟ್ಟು ಹೇಳ್ತೀನಿ.

ಎಲ್ಲರಿಗೂ ನಮಸ್ಕಾರ.